ಮುಖ್ಯಸ್ಥನ ಕುರ್ಚಿಯಲ್ಲಿ ಕೂತ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ವಿಭಾಗದ ಮುಖ್ಯಸ್ಥನಾದ ಮೇಲೆ ಒಂದು ಪದ್ಯವನ್ನೂ ಬರೆದಿಲ್ಲ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ. ನಿನ್ನ ದನಿ ಕೇಳಿ ಬೇಜಾರಾಯಿತು. ಟೈಮ್ ಟೇಬಲ್, ಹಾಜರಾತಿ, ರಜೆ ಅರ್ಜಿ, ಸಹಿ. ಅವತ್ತಿನಿಂದ ಬುದ್ಧದೇವ ಬಸು ನೆನಪಾಗುತ್ತಲೇ ಇದ್ದಾರೆ.

ಬಸು ಬಂಗಾಳಿ ಕವಿ. 1908ರಲ್ಲಿ ಕೊಮಿಲ್ಲಾದಲ್ಲಿ ಹುಟ್ಟಿದವರು. ಢಾಕಾದಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ 1931ರಲ್ಲಿ ಕಲ್ಕತ್ತಕ್ಕೆ ಬಂದರು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ 1935ರಲ್ಲಿ ‘ಕವಿತಾ’ ಪತ್ರಿಕೆ ಶುರುಮಾಡಿದರು. ರಾಸಬಿಹಾರಿ ಅವೆನ್ಯೂದ 202ನೇ ನಂಬರಿನ ಮನೆಗೆ ಕವಿತಾ ಭವನ ಅಂತಲೇ ಹೆಸರು. ಜೀವನಾನಂದ ದಾಸರ ‘ಬನಲತಾ ಸೇನ್’ ಪದ್ಯ ಮೊದಲು ಅಚ್ಚಾದದ್ದು ಈ ಪತ್ರಿಕೆಯಲ್ಲೇ. 1942ರಲ್ಲಿ ಅದೇ ಹೆಸರಿನ ಸಂಕಲನ ಬಂದದ್ದೂ ಅದೇ ಮನೆಯಿಂದ. ಆ ಮಾಲೆಯ ಹೆಸರು ‘ಪೈಸೆಗೊಂದು’. 16 ಪುಟದ ತೆಳ್ಳನೆ ಪುಸ್ತಕ, ಬೆಲೆ 4 ಆಣೆ. ಆಗ ಆಣೆಗೆ ನಾಲ್ಕು ಪೈಸೆ. ಲೆಕ್ಕ ಹಾಕು, ಪುಟಕ್ಕೊಂದು ಪೈಸೆ!

ಇಂಥವರು 1956ರಲ್ಲಿ ಜಾದವಪುರ ವಿಶ್ವವಿದ್ಯಾಲಯದಲ್ಲಿ ತೌಲನಿಕ ಸಾಹಿತ್ಯ ವಿಭಾಗ ಕಟ್ಟಿದರು. ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು. ಹಿಂದೆ ನೋಡಿ ನಡೆಯಲು ಮಾದರಿಯೇ ಇರಲಿಲ್ಲ. ಪಾಠಕ್ಕೆ ಅವರು ಕರೆದದ್ದು ಯಾರನ್ನು ಗೊತ್ತಾ? ಕವಿ ಸುಧೀಂದ್ರನಾಥ ದತ್ತರನ್ನು. ದತ್ತರು ಎಂ.ಎ. ಮುಗಿಸಿದವರೇ ಅಲ್ಲ. ಪದವಿ ನೋಡದೆ ಓದು ನೋಡಿದ ಮುಖ್ಯಸ್ಥ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಪತ್ರಿಕೆಯಲ್ಲಿ ಒಳ್ಳೆಯ ಪದ್ಯಕ್ಕೆ ಜಾಗ ಮಾಡಿಕೊಟ್ಟ ಹಾಗೇ ಇಲ್ಲಿ ಮನುಷ್ಯರಿಗೆ ಮಾಡಿಕೊಟ್ಟರು. ಮುಂದೆ ಬಂಗಾಳಿಯ ದೊಡ್ಡ ಲೇಖಕಿಯಾದ ನವನೀತಾ ದೇವ್ ಸೇನ್ ಆ ಮೊದಲ ತಂಡದ ವಿದ್ಯಾರ್ಥಿನಿ.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಆ ಕುರ್ಚಿಯಲ್ಲಿದ್ದಾಗಲೇ, 1957ರಲ್ಲಿ ಅವರ ಮೇಘದೂತದ ಅನುವಾದ ಬಂತು. 1961ರಲ್ಲಿ ಫ್ರೆಂಚ್ ಕವಿ ಬೋದಿಲೇರ್ ಬಂಗಾಳಿಗೆ ಬಂದ. ಅದೇ ವರ್ಷದವರೆಗೂ ‘ಕವಿತಾ’ ನಡೆಯಿತು. ತರಗತಿಯಲ್ಲಿ ಭಾಷೆ ಭಾಷೆಗಳನ್ನು ಒಟ್ಟಿಗಿಟ್ಟು ಓದಿಸುವವರು ಮನೆಗೆ ಬಂದು ಮಾಡುತ್ತಿದ್ದದ್ದೂ ಅದನ್ನೇ, ಅಲ್ವಾ? 1963ರಲ್ಲಿ ಅವರು ಜಾದವಪುರ ಬಿಟ್ಟರು. ವಿಭಾಗ ಮಾತ್ರ ಉಳಿಯಿತು, ಬೆಳೆಯಿತು.

ಆಮೇಲೆ ಬರೆದದ್ದು ‘ತಪಸ್ವೀ ಓ ತರಂಗಿಣಿ’ ನಾಟಕ. 1967ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ. ಕತೆ ನಿನಗೆ ಗೊತ್ತಿರುವುದೇ, ಶೃಂಗೇರಿ ಹತ್ತಿರದ ನಮ್ಮ ಕಿಗ್ಗದ ಋಷ್ಯಶೃಂಗನದು. ಮಳೆಯಿಲ್ಲದ ಅಂಗದೇಶಕ್ಕೆ ಅವನನ್ನು ಕರೆತರಲು ವೇಶ್ಯೆ ಹೋಗುತ್ತಾಳೆ. ಹೆಣ್ಣನ್ನೇ ಕಂಡಿರದ ಹುಡುಗ ಅವಳನ್ನು ದೇವತೆಯನ್ನು ನೋಡುವ ಹಾಗೆ ನೋಡುತ್ತಾನೆ. ಬಸು ಅಲ್ಲೇ ನಿಲ್ಲುತ್ತಾರೆ. ಮರುಳು ಮಾಡಲು ಹೋದವಳು, ಅವನ ಕಣ್ಣಿಗೆ ಕಂಡ ಆ ಮುಖವನ್ನು ಆಮೇಲೆ ತನ್ನಲ್ಲೇ ಹುಡುಕುತ್ತ ಉಳಿಯುತ್ತಾಳೆ.

ಜೂನ್ ಮೊದಲ ವಾರ ಬರುತ್ತೇನೆ. ಒಂದು ದಿನ ರಜೆ ಹಾಕು, ನಿನ್ನ ಅರ್ಜಿಗೆ ನೀನೇ ಸಹಿ ಮಾಡು. ಕಿಗ್ಗಕ್ಕೆ ಹೋಗೋಣ. ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ. ಕೊಡೆ ನಾನು ತರುತ್ತೇನೆ, ನೋಟ್‌ಬುಕ್ ನೀನು ತಾ.

ನಿನ್ನ ಗೆಳೆಯ