ಸಂಕ್ರಾಂತಿಯೊಳಗೆ ನೀವೇ ಸುಡಿ: ಅರಣ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯಾಧಿಕಾರಿಗಳೇ,

ನಮಸ್ಕಾರ. ಕಪ್ಪತಗುಡ್ಡದ ಬುಡದಲ್ಲಿ ಹೊಲವಿರುವ ಒಬ್ಬ ರೈತ ಬರೆಯುತ್ತಿರುವ ಪತ್ರವಿದು. ಅರ್ಜಿಗಳನ್ನು ಕೊಟ್ಟಾಗಿದೆ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿಗಳು ಮನೆಯ ಪೆಟ್ಟಿಗೆಯಲ್ಲಿವೆ. ಯಾವುದಕ್ಕೂ ಉತ್ತರ ಬರಲಿಲ್ಲ, ಬಂದದ್ದು ಒಂದು ನೋಟಿಸ್ ಮಾತ್ರ. ಅದರ ಮಾತು ಮುಂದೆ ಬರುತ್ತದೆ. ಯಾವ ಕಚೇರಿ, ಯಾವ ಸಾಹೇಬರು ಎಂದು ಇಲ್ಲಿ ಬರೆಯುವುದಿಲ್ಲ. ಓದಿದವರಿಗೆ ಇದು ತಮಗೇ ಬರೆದದ್ದು ಎಂದು ತಿಳಿದರೆ ಸಾಕು.

ನಾನು ಕೇಳುತ್ತಿರುವುದು ಒಂದೇ. ಗುಡ್ಡದ ಅಂಚಿನ ಬೆಂಕಿ ರೇಖೆಯನ್ನು, ಅಂದರೆ ಕಾಡ್ಗಿಚ್ಚು ದಾಟದಂತೆ ಮೊದಲೇ ಹುಲ್ಲು ಸುಟ್ಟು ಬಯಲು ಮಾಡುವ ಪಟ್ಟಿಯನ್ನು, ಎಳ್ಳಮಾವಾಸ್ಯೆಯ ಹೊತ್ತಿಗೆ ಸುಡಲು ಆರಂಭಿಸಿ, ಸಂಕ್ರಾಂತಿಯೊಳಗೆ ಮುಗಿಸಿ. ಮಾರ್ಚ್ ತಿಂಗಳಿನ ಬಿರುಬಿಸಿಲಿನಲ್ಲಿ ಅಲ್ಲ. ಬಜೆಟ್ ವರ್ಷ ಮುಗಿಯುತ್ತಿದೆ, ಹಣ ವಾಪಸು ಹೋಗುತ್ತದೆ ಎಂಬ ಅವಸರದಲ್ಲಂತೂ ಅಲ್ಲವೇ ಅಲ್ಲ.

ಈ ಗುಡ್ಡಕ್ಕೆ ನಾವು ಹೊಸಬರಲ್ಲ. ಸರ್ಕಾರ 2015ರಲ್ಲಿ ಇದನ್ನು ಸಂರಕ್ಷಿತ ಪ್ರದೇಶವೆಂದು ಸಾರಿ, 2016ರಲ್ಲಿ ಅದನ್ನು ಹಿಂದಕ್ಕೆ ಪಡೆದಾಗ ಗದಗಿನ ಬಿಸಿಲಿನಲ್ಲಿ ತೋಂಟದ ಸಿದ್ಧಲಿಂಗ ಶ್ರೀಗಳ ಜೊತೆ ಧರಣಿ ಕುಳಿತವರಲ್ಲಿ ನಮ್ಮ ಊರಿನವರೂ ಇದ್ದರು. 2017ರಲ್ಲಿ ಆದೇಶ ಮರಳಿ ಬಂತು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಸುಮಾರು 244 ಚದರ ಕಿಲೋಮೀಟರ್. ಗಣಿಯವರಿಂದ ಉಳಿಯಿತೆಂದು ಊರಿನಲ್ಲಿ ಸಿಹಿ ಹಂಚಿದೆವು. ಗಣಿಯಿಂದೇನೋ ಉಳಿಯಿತು. ಬೆಂಕಿಯಿಂದ ಉಳಿಸುವ ಕೆಲಸ ನಿಮ್ಮದಾಗಿತ್ತು.

ಈಗ ಆ ದಿನದ ಮಾತು. ಕಳೆದ ಮಾರ್ಚ್. ಕಡಲೆ ಒಕ್ಕಣೆ ಮುಗಿದು ಹೊಟ್ಟು ಕಣದಲ್ಲಿತ್ತು, ಬಿಳಿಜೋಳದ ಕಣಿಕೆಯನ್ನು ಬಣವೆ ಒಟ್ಟಿದ್ದೆವು. ನಡುಮಧ್ಯಾಹ್ನ ದಿನಗೂಲಿಯ ಕೆಲವು ಹುಡುಗರು ಬಂದು ಗುಡ್ಡದ ಅಂಚಿನಲ್ಲಿ ಬೆಂಕಿ ರೇಖೆ ಸುಡಲು ನಿಂತರು. ಕೊಯ್ದ ಹುಲ್ಲನ್ನು ಗುಡಿಸಿ ಬಯಲು ಮಾಡಿರಲಿಲ್ಲ, ಅಲ್ಲಲ್ಲೇ ಬಿದ್ದಿತ್ತು. ನೀರಿನ ಟ್ಯಾಂಕರ್ ಇರಲಿಲ್ಲ. ಕೈಯಲ್ಲಿದ್ದದ್ದು ಬೇವಿನ ಹಸಿ ಟೊಂಗೆಗಳು. ಗಾಳಿ ಗುಡ್ಡದ ಕಡೆಗೆ ಬೀಸುತ್ತಿತ್ತು. ಬೇಡ, ಸಂಜೆಯಾದರೂ ಆಗಲಿ ಎಂದು ನಾನೂ ನನ್ನ ತಮ್ಮನೂ ಹೇಳಿದೆವು. ಇವತ್ತೇ ಮುಗಿಸಿ ಫೋಟೋ ಕಳಿಸಬೇಕು, ಮೇಲಿನವರ ಹುಕುಂ ಎಂದರು. ಪಾಪ, ಅವರದು ತಪ್ಪಿಲ್ಲ. ಹೇಳಿದಂತೆ ಕಡ್ಡಿ ಗೀರಿದರು.

ಬೆಂಕಿ ಕೈಗೆ ಸಿಗದೆ ಮೇಲಕ್ಕೆ ಓಡಿತು. ಆಳೆತ್ತರದ ಬಾದೆ ಹುಲ್ಲು, ಕೆಳಗಿನಿಂದ ಹಚ್ಚಿದ ಉರಿ, ಬೆನ್ನಿಗೆ ಗಾಳಿ. ಸಂಜೆಯ ಹೊತ್ತಿಗೆ ಗುಡ್ಡದ ಒಂದು ಮಗ್ಗುಲೇ ಕರಕಲಾಗಿತ್ತು. ರಾತ್ರಿ ಗಾಳಿ ತಿರುಗಿ ಇಳಿಜಾರಿನಲ್ಲಿ ಕೆಳಮುಖವಾಯಿತು, ಉರಿಯುವ ಕೊರಡುಗಳು ಉರುಳಿ ಬಂದವು, ಬೆಂಕಿ ಹಳ್ಳ ದಾಟಿ ನಮ್ಮ ಹೊಲಕ್ಕೆ ಇಳಿಯಿತು. ಕಣಿಕೆ, ಹೊಟ್ಟು, ಹನಿ ನೀರಾವರಿಯ ಪೈಪುಗಳು, ಬದುವಿನ ಬೇವಿನ ಮರಗಳು, ಒಂದನ್ನೂ ಬಿಡಲಿಲ್ಲ. ದನ ಬಿಚ್ಚಿ ಓಡಿಸುವುದೊಂದೇ ನಮ್ಮಿಂದಾದದ್ದು.

ಆ ರಾತ್ರಿ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯವರು ಶಾಂತವಾಗಿ ಕೇಳಿದರು: "ಬೆಂಕಿ ಅರಣ್ಯದ ಹದ್ದಿನಲ್ಲಿದೆಯೋ, ಕಂದಾಯ ಜಮೀನಿನಲ್ಲಿದೆಯೋ? ಸರ್ವೆ ನಂಬರ್ ಹೇಳಿ."

ಉರಿಯುವ ಬೆಂಕಿಯ ಸರ್ವೆ ನಂಬರ್! ಎಂಟುನೂರು ಕಿಲೋಮೀಟರಿಗೂ ಮೇಲೆ ಸುತ್ತುವ ಉಪಗ್ರಹ ನೆಲದ ಬಿಸಿಯನ್ನು ಗುರುತಿಸುತ್ತದೆ, ಭಾರತೀಯ ಅರಣ್ಯ ಸಮೀಕ್ಷೆಯವರು ಆ ಮಾಹಿತಿಯನ್ನು ನಿಮ್ಮ ಸಿಬ್ಬಂದಿಯ ಮೊಬೈಲಿಗೇ ಕಳಿಸುತ್ತಾರೆ. ಆಕಾಶಕ್ಕೆ ಕಂಡದ್ದನ್ನು ಕಚೇರಿಗೆ ಮನದಟ್ಟು ಮಾಡಲು ನಾನು ಪಹಣಿ ಹಿಡಿದು ಓಡಬೇಕಿತ್ತೇನು?

ಪಂಚನಾಮೆಯಲ್ಲಿ ಏನು ಬರೆದರು ಗೊತ್ತೇ? ಅಪರಿಚಿತ ಕಿಡಿಗೇಡಿಗಳ ಕೃತ್ಯ. ಹಗಲು ಹೊತ್ತಿನಲ್ಲಿ, ಊರಿನ ಅರ್ಧ ಜನರ ಎದುರಿಗೆ, ಸರ್ಕಾರದ ಕೂಲಿ ಪಡೆದು ಬೆಂಕಿ ಹಚ್ಚಿದವರು ಅಪರಿಚಿತರಾದರು. ಅದಾದ ಮೇಲೆ ನನಗೆ ನೋಟಿಸ್ ಬಂತು: ನಿಮ್ಮ ಹೊಲದ ಬದುವಿನಿಂದ ಬೆಂಕಿ ವನ್ಯಜೀವಿಧಾಮಕ್ಕೆ ಹರಡಿದ ಸಂಶಯವಿದೆ, ಸಮಜಾಯಿಷಿ ಕೊಡಿ. ಬೆಂಕಿ ಗುಡ್ಡದಿಂದ ಹೊಲಕ್ಕೆ ಬಂದದ್ದು ಸ್ವಾಮಿ, ಹೊಲದಿಂದ ಗುಡ್ಡಕ್ಕೆ ಹೋದದ್ದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಕಲಂ 30 ನಿಮಗೆ ಬಾಯಿಪಾಠವಿರುತ್ತದೆ. ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಯಾರೂ ಬೆಂಕಿ ಹಚ್ಚಬಾರದು ಎನ್ನುತ್ತದೆ ಅದು. ಯಾರೂ ಎಂದರೆ ರೈತರು, ಕುರಿಗಾಹಿಗಳು ಮಾತ್ರವೇ?

ಮೇವಿಲ್ಲದೆ ಹಿಂಡುವ ಎಮ್ಮೆಯನ್ನು ಸಂತೆಗೆ ಹೊಡೆದೆ. ಮಳೆಗಾಲದವರೆಗೆ ಎತ್ತುಗಳಿಗೆ ಕಣಿಕೆಯನ್ನು ಕೊಂಡು ಹಾಕಿದೆ, ಅದೂ ಸಾಲ ಮಾಡಿ. ಪರಿಹಾರ ಎಂದು ಕೇಳಿದರೆ ಪಂಚನಾಮೆಯಲ್ಲಿ ಇಲಾಖೆಯ ಬೆಂಕಿ ಎಂದಿಲ್ಲವಲ್ಲ ಎಂಬ ಉತ್ತರ. ಬರೆದವರು ಯಾರು ಎಂದು ಕೇಳುವಷ್ಟು ಸೌಜನ್ಯಗೇಡಿ ನಾನಲ್ಲ.

ಇಷ್ಟೆಲ್ಲ ಆದ ಮೇಲೂ ನಾನು ಬೆಂಕಿ ಹಚ್ಚಬೇಡಿ ಎನ್ನುತ್ತಿಲ್ಲ. ನಮ್ಮ ಊರಿನ ಕೆಲವರು ಈಗ ಹಾಗೆನ್ನುತ್ತಾರೆ, ಪೇಟೆಯ ಪರಿಸರಪ್ರಿಯ ಗೆಳೆಯರೂ ಎನ್ನುತ್ತಾರೆ. ಸುಡದೆ ಬಿಟ್ಟರೆ ಹುಲ್ಲು ವರ್ಷದಿಂದ ವರ್ಷಕ್ಕೆ ಒಣಗಿ ಒಟ್ಟಿಕೊಳ್ಳುತ್ತದೆ, ಒಂದು ದಿನ ಬೀಡಿಯ ತುಂಡಿಗೋ, ಹೊಸ ಚಿಗುರಿನ ಆಸೆಗೆ ಗೀರಿದ ಕಡ್ಡಿಗೋ ಎಲ್ಲವೂ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ನಮ್ಮ ದೇಶದ ಕಾಡ್ಗಿಚ್ಚುಗಳಲ್ಲಿ ಬಹುಪಾಲು ಮನುಷ್ಯ ಹಚ್ಚಿದವೇ. ಎಲ್ಲ ಕಿಡಿಗಳನ್ನೂ ಕಾಯಲು ಯಾರಿಂದಲೂ ಆಗದು. ಕಿಡಿ ಬೀಳುವ ಮೊದಲು ಹುಲ್ಲು ಕಡಿಮೆ ಮಾಡುವುದು ನಿಮ್ಮ ಕೈಯಲ್ಲಿದೆ. ಅದಕ್ಕೇ ಸುಡಿ ಎನ್ನುತ್ತೇನೆ. ಸಂಕ್ರಾಂತಿಯೊಳಗೆ ಸುಡಿ ಎನ್ನುತ್ತೇನೆ.

ನಿಮಗೆ ತರಬೇತಿಯಲ್ಲಿ ಕಲಿಸಿರುವುದನ್ನು ನಾನು ಹೇಳುವುದು ಅಧಿಕಪ್ರಸಂಗ. ಆದರೂ ಆ ಮಧ್ಯಾಹ್ನ ಅದನ್ನು ಯಾರೂ ನೆನಪಿಸಿಕೊಂಡಂತೆ ಕಾಣಲಿಲ್ಲ. ಹುಲ್ಲಿನಂತಹ ತೆಳು ಇಂಧನ ಗಾಳಿಯ ತೇವಕ್ಕೆ ತಕ್ಕಂತೆ ಸುಮಾರು ಒಂದು ಗಂಟೆಯೊಳಗೆ ಹಸಿಯಾಗುತ್ತದೆ, ಒಣಗುತ್ತದೆ. ಬೆರಳು ದಪ್ಪದ ಕಡ್ಡಿಗೆ ಹತ್ತು ಗಂಟೆಯ ಲೆಕ್ಕ, ಅದಕ್ಕೂ ದಪ್ಪನೆಯ ಕೊಂಬೆಗೆ ನೂರು ಗಂಟೆಯ ಲೆಕ್ಕ. ಡಿಸೆಂಬರಿನಲ್ಲಿ ಬೆಳಗಿನ ಇಬ್ಬನಿಗೆ ಹುಲ್ಲು ಮೆತ್ತಗಿರುತ್ತದೆ, ಬುಡದಲ್ಲಿ ಇನ್ನೂ ಹಸಿರಿರುತ್ತದೆ, ನೆಲದಲ್ಲಿ ಪಸೆ ಇರುತ್ತದೆ. ಆಗ ಹಚ್ಚಿದ ಬೆಂಕಿ ಮೊಣಕಾಲೆತ್ತರ ಏಳುತ್ತದೆ, ಹಸಿ ಸಿಕ್ಕಲ್ಲಿ ತಾನೇ ನಂದುತ್ತದೆ, ಅಲ್ಲಲ್ಲಿ ಸುಟ್ಟು ಅಲ್ಲಲ್ಲಿ ಬಿಟ್ಟು ಹೋಗುತ್ತದೆ. ಮಾರ್ಚಿನ ಮಧ್ಯಾಹ್ನ ಅದೇ ಹುಲ್ಲು ಹಪ್ಪಳದಂತೆ ಗರಿಗರಿಯಾಗಿರುತ್ತದೆ, ಕಡ್ಡಿ, ಕೊಂಬೆಗಳೂ ಒಣಗಿರುತ್ತವೆ. ಆಗ ಸುಡುವುದು ಹುಲ್ಲು ಮಾತ್ರವಲ್ಲ, ಸಸಿ, ತೊಗಟೆ, ಬಿದ್ದ ಬೀಜ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ ಎಲ್ಲವೂ. ಔಷಧಿ ಸಸ್ಯಗಳ ಗುಡ್ಡ ಎಂದು ಹೆಮ್ಮೆಯಿಂದ ಫಲಕ ಹಾಕಿದ್ದೀರಿ. ಆ ಸಸ್ಯಗಳ ಗಡ್ಡೆ, ಬೇರು ನೆಲದೊಳಗಿದ್ದು ಬೇಗ ಹಾಯ್ದುಹೋಗುವ ತಣ್ಣನೆಯ ಬೆಂಕಿಗೆ ಬದುಕಬಹುದು, ಎಳೆಯ ಸಸಿ ಮಾರ್ಚಿನ ಉರಿಗೆ ಬದುಕುವುದಿಲ್ಲ.

ಇಳಿಜಾರಿನ ಮಾತು ಬೇರೆ. ಇಳಿಜಾರು ಹತ್ತು ಡಿಗ್ರಿ ಏರಿದರೆ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಸುಮಾರು ಎರಡು ಪಟ್ಟು ಎನ್ನುವುದು ಬೆಂಕಿ ಶಾಸ್ತ್ರದ ಸ್ಥೂಲ ಲೆಕ್ಕ. ಜ್ವಾಲೆ ಮೇಲಿನ ಹುಲ್ಲಿನ ಮೇಲೆ ಬಾಗಿ ಅದನ್ನು ಮೊದಲೇ ಕಾಯಿಸಿ ಒಣಗಿಸುತ್ತದೆ. ಅದಕ್ಕೇ ತಿಳಿದವರು ರೇಖೆಯನ್ನು ಮೇಲಿನ ಅಂಚಿನಿಂದ, ಗಾಳಿಗೆ ಎದುರಾಗಿ ಸುಡುತ್ತಾ ಬರುತ್ತಾರೆ. ಆ ಬೆಂಕಿ ನಿಧಾನ, ಜ್ವಾಲೆ ಗಿಡ್ಡ, ಕಾಯುವವರಿಗೆ ಉಸಿರಾಡಲು ಬಿಡುವು. ಮೊದಲು ಅಂಗೈಯಗಲದ ಜಾಗಕ್ಕೆ ಹಚ್ಚಿ ಅದು ಯಾವ ಕಡೆ ತಿರುಗುತ್ತದೆ ಎಂದು ನೋಡಬೇಕು, ಸುಟ್ಟಾದ ಮೇಲೆ ಹೊಗೆಯಾಡುವ ಕೊರಡುಗಳನ್ನು ಆರಿಸದೆ ಮನೆಗೆ ಹೋಗಬಾರದು. ಆ ದಿನ ಕೆಳಗಿನಿಂದ, ಗಾಳಿಯ ಜೊತೆ, ಮಧ್ಯಾಹ್ನ ಹಚ್ಚಿಸಿದಿರಿ. ತಪ್ಪು ಮಾಡಲು ಇದ್ದ ಮೂರೂ ದಾರಿಗಳನ್ನು ಒಟ್ಟಿಗೆ ಹಿಡಿದಿರಿ!

ಬೇಗ ಸುಡುವ ಈ ವಿದ್ಯೆ ಯಾವುದೋ ದೇಶದಿಂದ ತರಬೇಕಾದದ್ದೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ, ಅಂದರೆ ನೆಲದ ಒಣ ಎಲೆ, ಹುಲ್ಲು ಸುಡುವ ಸಣ್ಣ ಬೆಂಕಿ ಹಾಕುತ್ತಿದ್ದರು. 1974ರಲ್ಲಿ ಆ ಬೆಟ್ಟ ವನ್ಯಜೀವಿಧಾಮವಾದ ಮೇಲೆ ಆ ಬೆಂಕಿ ನಿಂತಿತು. ಹೊರಗಿನಿಂದ ಬಂದ ಲಾಂಟಾನಾ ಎಂಬ ಕಳೆಪೊದೆ ಕಾಡನ್ನೆಲ್ಲ ನುಂಗಿದ್ದಕ್ಕೆ ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗರು ಇಂದಿಗೂ ಹೇಳುತ್ತಾರೆ. ಆಸ್ಟ್ರೇಲಿಯಾದ ಉತ್ತರದ ಹುಲ್ಲುಗಾಡುಗಳಲ್ಲಿ ಮೂಲನಿವಾಸಿಗಳ ಕೈಯಿಂದಲೇ ಒಣಕಾಲದ ಆರಂಭದಲ್ಲಿ ಬೆಂಕಿ ಹಾಕಿಸುತ್ತಾರೆ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ. ನಮ್ಮ ಬಂಡೀಪುರದಲ್ಲಿಯೂ ಬೆಂಕಿ ರೇಖೆ ಸುಡುವುದು ಹಳೆಯ ಪದ್ಧತಿ. ಅದು ಸಾಲದೇ ಹೋದಾಗ ಏನಾಗುತ್ತದೆ ಎಂಬುದನ್ನು 2019ರ ಫೆಬ್ರುವರಿಯಲ್ಲಿ ಕಂಡಿದ್ದೇವೆ, ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಅದಕ್ಕೂ ಎರಡು ವರ್ಷ ಮೊದಲು ಅಲ್ಲಿಯೇ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜೀವ ಬಿಟ್ಟರು. ಬೇವಿನ ಟೊಂಗೆ ಕೊಟ್ಟು ಹುಡುಗರನ್ನು ಗುಡ್ಡ ಹತ್ತಿಸುವಾಗ ಅವರ ಮನೆಯವರನ್ನೂ ಒಮ್ಮೆ ನೆನೆಯಿರಿ.

ಇಡೀ ಗುಡ್ಡವನ್ನು ಸುಡಿ ಎಂದು ಅರ್ಥ ಮಾಡಿಕೊಂಡು ಇನ್ನೊಂದು ನೋಟಿಸ್ ಕಳಿಸಬೇಡಿ. ಅಂಚಿನ ರೇಖೆ ಪ್ರತಿ ವರ್ಷ, ಒಳಗಿನ ಹುಲ್ಲುಗಾವಲು ತುಂಡು ತುಂಡಾಗಿ, ಒಂದು ವರ್ಷ ಸುಟ್ಟದ್ದಕ್ಕೆ ಮುಂದಿನ ವರ್ಷ ವಿಶ್ರಾಂತಿ. ಹಳ್ಳದ ಸಾಲಿನ ಮರಗಾಡಿಗೆ ಬೆಂಕಿ ಬೇಡವೇ ಬೇಡ. ತೋಳ, ಕತ್ತೆಕಿರುಬಗಳ ಮರಿಗಳಿರುವ ಗವಿಗಳು ಎಲ್ಲಿವೆ ಎಂದು ನಮ್ಮ ಕುರಿಗಾಹಿಗಳಿಗೆ ಗೊತ್ತು, ಅವರನ್ನು ಕಳ್ಳರಂತೆ ಓಡಿಸುವ ಬದಲು ಕೇಳಿ.

ಜನ ಬೇಕೆಂದರೆ ನಾವು ಬರುತ್ತೇವೆ. ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕ್ ಕಟ್ಟಿ ತರುತ್ತೇವೆ, ಔಷಧಿ ಹೊಡೆಯುವ ಪಂಪುಗಳನ್ನು ಬೆನ್ನಿಗೇರಿಸಿ ನಿಲ್ಲುತ್ತೇವೆ. ಕೂಲಿ ಕೊಡದಿದ್ದರೂ ಬರುವವರಿದ್ದಾರೆ, ಸುಟ್ಟ ಹೊಲ ನೋಡಿದವರು. ನೀವು ಮಾಡಬೇಕಾದದ್ದು ಇಷ್ಟು: ಹಣವನ್ನು ಡಿಸೆಂಬರಿಗೇ ಬಿಡುಗಡೆ ಮಾಡಿಸಿ, ದಿನ ಗೊತ್ತುಮಾಡಿ ಹಿಂದಿನ ದಿನ ಊರಿನಲ್ಲಿ ಡಂಗುರ ಹೊಡೆಸಿ, ಬೆಳಗಿನ ಹೊತ್ತಿನಲ್ಲಿ ಬಂದು ಗಾಳಿ ನೋಡಿ ಹಚ್ಚಿಸಿ. ಸಂಕ್ರಾಂತಿಯೊಳಗೆ ಮುಗಿಸಿ. ಸಂಕ್ರಾಂತಿ ದಾಟಿದರೆ ಆ ವರ್ಷದ ಹಣ ವಾಪಸು ಹೋದರೂ ಹೋಗಲಿ, ರೇಖೆಗೆ ಕಡ್ಡಿ ಗೀರಬೇಡಿ, ಹುಲ್ಲು ಕೊಯ್ಯಿಸಿ ಸಾಗಿಸಿ.

ನೋಟಿಸಿಗೆ ಸಮಜಾಯಿಷಿ ಕೇಳಿದ್ದಿರಿ. ಇದೇ ನನ್ನ ಸಮಜಾಯಿಷಿ. ಪಂಚನಾಮೆಯನ್ನು ತಿದ್ದಿ, ಆ ಬೆಂಕಿ ಯಾರದೆಂದು ಬರೆದು, ಪ್ರತಿಯನ್ನು ನನಗೂ ಕಳಿಸಿ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಬರುವಾಗ ನಿಮ್ಮವರು ರೇಖೆಯ ಮೇಲೆ ಇದ್ದರೆ ಅವರ ಊಟವೂ ನಮ್ಮ ಬುತ್ತಿಯಲ್ಲೇ. ಬರದಿದ್ದರೆ ಇದೇ ಪತ್ರದ ಪ್ರತಿ ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗುತ್ತದೆ.

ಇಂತಿ,
ಕಪ್ಪತಗುಡ್ಡದ ಬುಡದ ಒಬ್ಬ ರೈತ