ಪಿಯುಸಿ ಓದುತ್ತಿರುವ ಮಗಳಿಗೆ: ತಿಂಡಿ ಬಿಡಬೇಡ, ಆಟವನ್ನೂ ಬಿಡಬೇಡ

ಪ್ರೀತಿಯ ಮಗಳೇ,

ತೂಕ ಇಳಿಸಲೆಂದು ತಿಂಡಿ ಬಿಟ್ಟಿದ್ದೀಯ, ಓದಲು ಟೈಮ್ ಸಾಲದೆಂದು ಶಟಲ್ ಕೂಡ ನಿಲ್ಲಿಸಿದ್ದೀಯ. ಹೀಗೆ ಮಾಡಿದರೆ ತೂಕವೂ ಹತೋಟಿಗೆ ಬರದು, ಓದೂ ತಲೆಗೆ ಹತ್ತದು.

ನಿನ್ನ ವಯಸ್ಸಿನವರಿಗೆ ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಪಟ್ಟಿ ಸಲ್ಲದು. ಡಾಕ್ಟರು ವಯಸ್ಸಿಗೆ ತಕ್ಕ ಬೆಳವಣಿಗೆಯ ಚಾರ್ಟ್ ನೋಡಿ ಹೇಳಬೇಕು. ಹರೆಯದಲ್ಲಿ ಸೊಂಟ, ತೊಡೆ ತುಂಬಿಕೊಳ್ಳುವುದು ಸಹಜ. ಹಾಸ್ಟೆಲ್ ಗೆಳತಿಯರ ಜೊತೆ ಹೋಲಿಸಿಕೊಳ್ಳಬೇಡ.

ರಾತ್ರಿ ಎಂಟಕ್ಕೆ ಉಂಡು ಮರುದಿನ ಮಧ್ಯಾಹ್ನದವರೆಗೆ ಖಾಲಿ ಹೊಟ್ಟೆಯಲ್ಲಿದ್ದರೆ ಕ್ಲಾಸಿನಲ್ಲಿ ಗಮನ ನಿಲ್ಲುವುದಿಲ್ಲ. ಅದೇ ಹಸಿವು ಸಂಜೆ ಬೇಕರಿಗೆ ಎಳೆಯುತ್ತದೆ. ಒಂದು ಪಫ್ಸ್, 250 ಮಿಲಿ ಕೋಲಾ. ಕೋಲಾದಲ್ಲೇ ಸುಮಾರು 25 ಗ್ರಾಂ ಸಕ್ಕರೆ. ಬೆಳಿಗ್ಗೆ ಉಳಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಹಾಸ್ಟೆಲಿನಲ್ಲಿ ಬರೀ ಚಿತ್ರಾನ್ನವಿದ್ದರೆ ಒಂದು ಮೊಟ್ಟೆಯನ್ನೋ ಒಂದು ಹಿಡಿ ಕಡಲೇಕಾಯಿಯನ್ನೋ ಸೇರಿಸಿಕೊ, ಹಸಿವು ತಡೆಯುತ್ತದೆ. ತಡವಾದ ದಿನ ಮೂರು ಚಮಚ ರಾಗಿ ಹುರಿಹಿಟ್ಟನ್ನು ಹಾಲಿಗೆ ಕಲಸಿ ಕುಡಿ. ಬೆಲ್ಲ ಚಿಟಿಕೆಯಷ್ಟು ಸಾಕು. ನಮ್ಮ ಮಂಡ್ಯದ ಬೆಲ್ಲವಾದರೂ ಅದು ಸಕ್ಕರೆಯೇ.

ನನಗೆ ಹೆಚ್ಚು ಚಿಂತೆ ಕಬ್ಬಿಣಾಂಶದ್ದು. 16ರಿಂದ 18ರ ಹೆಣ್ಣುಮಕ್ಕಳಿಗೆ ದಿನಕ್ಕೆ 32 ಮಿಲಿಗ್ರಾಂ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). ಮುಟ್ಟಿನಲ್ಲಿ ರಕ್ತ ಹೋಗುತ್ತದೆ, ಊಟವೂ ಕಡಿಮೆಯಾದರೆ ಆ ಕೊರತೆ ತುಂಬುವುದಿಲ್ಲ. ಆಗ ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ಮಂಪರು. ನೋಡುವವರು ಸೋಮಾರಿತನ ಅಂದುಬಿಡುತ್ತಾರೆ. ಸೊಪ್ಪಿನ ಸಾರು, ಹುರುಳಿಕಾಳು ಇದ್ದ ದಿನ ನಿಂಬೆಹಣ್ಣು ಹಿಂಡಿಕೊ. ಕಬ್ಬಿಣಾಂಶವನ್ನು ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಕಾಫಿ, ಟೀ ಅದನ್ನು ತಡೆಯುತ್ತವೆ, ಊಟಕ್ಕೂ ಅವಕ್ಕೂ ಒಂದು ಗಂಟೆ ಅಂತರವಿರಲಿ. ರಕ್ತದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದಕ್ಕೆ ಸೊಪ್ಪೊಂದೇ ಸಾಲದು, ಡಾಕ್ಟರು ಹೇಳಿದ ಮಾತ್ರೆ ಬೇಕು.

ದಿನಕ್ಕೆ 60 ನಿಮಿಷ ಮೈ ಬೆವರಬೇಕು. ಒಂದೇ ಸಲ ಆಗಬೇಕೆಂದಿಲ್ಲ: ಕಾಲೇಜಿಗೆ ಹೋಗಿಬರುವಾಗ ಬಿರುಸಾಗಿ ನಡೆ, ಸಂಜೆ ಅರ್ಧ ಗಂಟೆ ಶಟಲ್ ಆಡು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ವಾರಕ್ಕೆ ಮೂರು ದಿನ ಸ್ಕಿಪ್ಪಿಂಗ್, ಬಸ್ಕಿ; ಎಲುಬು ಗಟ್ಟಿಯಾಗುವ ಕಾಲ ಇದು. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದರೆ ಇಳಿಯುವಾಗ ಓಡಬೇಡ, ಮಂಡಿಗೆ ಪೆಟ್ಟು. ಬರೀ ವ್ಯಾಯಾಮದಿಂದ ತೂಕ ಹೆಚ್ಚೇನೂ ಇಳಿಯದು, ಅರ್ಧ ಗಂಟೆ ನಡೆದದ್ದು ಒಂದು ಚಿಪ್ಸ್ ಪ್ಯಾಕೆಟ್‌ಗೆ ಸರಿಹೋಗುತ್ತದೆ. ಆದರೆ ಆಡಿ ಬಂದ ಮೇಲೆ ಸ್ವಲ್ಪ ಹೊತ್ತು ಗಮನ ಚುರುಕಾಗಿರುತ್ತದೆ. ಗಣಿತ ಆಗ ಹಿಡಿ.

ಎಂಟು ಗಂಟೆ ನಿದ್ದೆ ಮಾಡು. ಓದಿದ್ದು ನೆನಪಿನಲ್ಲಿ ಕೂರುವುದು ನಿದ್ದೆಯಲ್ಲೇ.

ತಲೆಸುತ್ತು ಬಂದರೆ, ಮೂರು ತಿಂಗಳು ಮುಟ್ಟು ನಿಂತರೆ ಮುಚ್ಚಿಡಬೇಡ. ಅವತ್ತೇ ಫೋನ್ ಮಾಡು, ಮಂಡ್ಯದಿಂದ ಬಂದು ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ.

ನಿನ್ನ,
ಅಮ್ಮ