ಗನ್ನಿನದೋ, ಕೈಯದೋ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೂರು ಸಲ ಓದಿದೆ. ಡಾಟ್‌ಗೆ (ಪಿಸ್ತೂಲಿನ ಮೇಲೆ ಕೂತು ಬೆಳಕಿನ ಚುಕ್ಕೆ ತೋರಿಸುವ ಸೈಟ್) ಜೀರೋ, ಅಂದರೆ ಚುಕ್ಕೆ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸುವುದು, 10 ಗಜಕ್ಕೋ, 15ಕ್ಕೋ, 25ಕ್ಕೋ ಎಂದು ಕೇಳಿದ್ದೀಯ. 25 ಗಜ. ಅಷ್ಟೇ ಆಗಿದ್ದರೆ ಫೋನಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಕೊನೆಯಲ್ಲಿ ನೀನು ಗೀಚಿದ ಸಾಲು ನನ್ನ ನಿದ್ದೆ ಕೆಡಿಸಿದೆ: "ಪ್ಲೇಟ್ ಬೀಳದೇ ಇದ್ದಾಗ ತಪ್ಪು ನಂದೋ ಗನ್ನಿಂದೋ ಗೊತ್ತಾಗಲ್ಲ ಮಾವ. ಆಮೇಲೆ ಟ್ರಿಗರ್ ಒತ್ತೋಕೇ ಹೆದರಿಕೆ."

ಮೊದಲು ಆ ಉಕ್ಕಿನ ಪ್ಲೇಟ್ ಬೀಳದ ದಿನದ ಲೆಕ್ಕ ನೋಡೋಣ. 7 ಗಜದಲ್ಲಿ ಮೂರೇ ಗುಂಡಿನಿಂದ ಜೀರೋ ಮಾಡಿದ್ದೆ ಎಂದಿದ್ದೀಯ. ನಿನ್ನ ಡಾಟ್ ಬ್ಯಾರಲ್‌ನ ನಡುವಿಗಿಂತ ಸುಮಾರು ಒಂದು ಇಂಚು ಮೇಲೆ ಕೂತಿದೆ, ಹಾಗಾಗಿ ಗುಂಡು ಕೆಳಗಿನಿಂದ ಹೊರಟು ನಿನ್ನ ನೋಟದ ಗೆರೆಗೆ ಹತ್ತಬೇಕು. 7 ಗಜದೊಳಗೇ ಆ ಒಂದು ಇಂಚು ಹತ್ತಿಬಿಡು ಎಂದರೆ ಅದು ಕಡಿದಾಗಿ ಹತ್ತುತ್ತದೆ, ಅಲ್ಲಿಂದ ಮುಂದೆಯೂ ಹತ್ತುತ್ತಲೇ ಹೋಗುತ್ತದೆ. ನಿನ್ನ 124 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 1060 ಅಡಿ ವೇಗ: 25 ಗಜಕ್ಕೆ ಬರುವಷ್ಟರಲ್ಲಿ ಒಂದೂಮುಕ್ಕಾಲು ಇಂಚು ಮೇಲಿರುತ್ತದೆ. ಪ್ಲೇಟ್ ತಪ್ಪಿದ ಮೇಲೆ, ಗುಂಡು ಕೆಳಗೆ ಹೋಗಿರಬೇಕೆಂದು ಊಹಿಸಿ ನೀನು ಡಾಟಿನ ಸ್ಕ್ರೂ ಎರಡು ಕ್ಲಿಕ್ ಏರಿಸಿದೆ. ಅದು ಇನ್ನರ್ಧ ಇಂಚು. 8 ಇಂಚಿನ ಪ್ಲೇಟ್‌ನ ನಡುವಿನಿಂದ ಮೇಲಂಚಿಗೆ ಇರುವುದೇ 4 ಇಂಚು. ಅದರಲ್ಲಿ ಎರಡೂಕಾಲು ಇಂಚನ್ನು ನೀನು ಟ್ರಿಗರ್ ಮುಟ್ಟುವ ಮೊದಲೇ ಗನ್ನು ತಿಂದುಬಿಟ್ಟಿತ್ತು. ಉಳಿದದ್ದು ನಿನ್ನ ಕೈಯದೇ ಇರಬಹುದು. ಆದರೆ ನೋಡು, ಆ ದಿನ ನೀನು ಹೆದರಿದ್ದಕ್ಕೆ ಕಾರಣವಿತ್ತು.

25ಕ್ಕೆ ಜೀರೋ ಮಾಡಿದರೆ ಇದೇ ಗುಂಡು 3 ಗಜದಲ್ಲಿ ಮುಕ್ಕಾಲು ಇಂಚು ಕೆಳಗೆ, 7ರಲ್ಲಿ ಅರ್ಧ ಇಂಚು, 10ರಲ್ಲಿ ಮೂರನೇ ಒಂದು ಇಂಚಿಗಿಂತ ತುಸು ಹೆಚ್ಚು, 15ರಲ್ಲಿ ಕಾಲು ಇಂಚಿಗೂ ಕಡಿಮೆ. 50 ಗಜಕ್ಕೆ ಹೋದರೂ ಒಂದೂಕಾಲು ಇಂಚು ಕೆಳಗೆ. ಎಲ್ಲೂ ಮೇಲೆ ಹೋಗುವುದಿಲ್ಲ. ತಪ್ಪಿದರೆ "ಮೇಲೋ ಕೆಳಗೋ" ಎಂಬ ಪ್ರಶ್ನೆಯಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ. 10ಕ್ಕೆ ಮಾಡಿದರೆ 25ರಲ್ಲಿ ಹತ್ತಿರ ಹತ್ತಿರ ಒಂದು ಇಂಚು ಮೇಲೆ. 15ಕ್ಕೆ ಮಾಡಿದರೆ 25ರಲ್ಲಿ ಬರೀ ಕಾಲು ಇಂಚು ಮೇಲೆ, ಅಂದರೆ ಒಂದು ಕ್ಲಿಕ್. ಈ ಒಂದು ಕ್ಲಿಕ್ಕಿಗಾಗಿ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ, ನಾನೂ ಮಾಡಿದ್ದೇನೆ. ನಿನ್ನ ರೇಂಜ್ 15 ಗಜಕ್ಕೇ ಮುಗಿಯುವುದಾದರೆ ಅಲ್ಲೇ ಮಾಡು, ಏನೂ ಮುಳುಗಿಹೋಗುವುದಿಲ್ಲ.

ಹತ್ತಿರದ ಗುರಿಯ ಚಿಂತೆಯನ್ನೂ ಬರೆದಿದ್ದೆ. 3 ಗಜದಲ್ಲಿ ಗುರಿಹಲಗೆಯ ತಲೆಯಲ್ಲಿರುವ ಎ-ಝೋನ್ (ಪೂರ್ತಿ ಅಂಕದ ಭಾಗ), 4 ಇಂಚು ಅಗಲ, 2 ಇಂಚು ಎತ್ತರ. ಡಾಟ್ ಸರಿಯಾಗಿ ನಡುವಿಗಿಟ್ಟರೆ ಗುಂಡು ಮುಕ್ಕಾಲು ಇಂಚು ಕೆಳಗೆ, ಕೆಳಗೆರೆಯಿಂದ ಕಾಲು ಇಂಚು ಮೇಲೆ ಬೀಳುತ್ತದೆ. ಅದಕ್ಕೇ ಅಲ್ಲಿ ಡಾಟನ್ನು ಮೇಲಿನ ಗೆರೆಗೆ ತಾಗಿಸಿ ಒತ್ತು. ಕತ್ತಿನ ತನಕ ನೋ-ಶೂಟ್ (ಹೊಡೆಯಬಾರದ ಗುರಿ) ಮುಚ್ಚಿದ್ದರಂತೂ ಮರೆಯಬೇಡ, 10 ಅಂಕ ಹೋಗುತ್ತದೆ. 10 ಗಜದ ಜೀರೋ ಇದ್ದರೂ ಅಲ್ಲಿ ಹೆಚ್ಚುಕಡಿಮೆ ಇಷ್ಟೇ ಕೆಳಗೆ ಬೀಳುತ್ತಿತ್ತು. ಆ ಮುಕ್ಕಾಲು ಇಂಚು ಡಾಟ್‌ನ ಎತ್ತರದಿಂದ ಬರುವುದು, ಜೀರೋದಿಂದ ಅಲ್ಲ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಬಾಗಿಲನ್ನು ಕೀಲಿನ ಹತ್ತಿರ ಅರ್ಧ ಇಂಚು ಸರಿಸಿದರೆ ಅಂಚು ಎಷ್ಟು ದೂರ ಹೋಗುತ್ತದೆ? 7 ಗಜದಲ್ಲಿ ಗ್ರೂಪಿನ (ಒಂದೇ ಗುರಿಗೆ ಹೊಡೆದ ಗುಂಡುಗಳ ಗುಂಪಿನ) ನಡುವನ್ನು ಅರ್ಧ ಇಂಚು ತಪ್ಪಾಗಿ ಗುರುತಿಸಿದರೆ 25ರಲ್ಲಿ ಅದು ಒಂದೂಮುಕ್ಕಾಲು ಇಂಚು, 50ರಲ್ಲಿ ಮೂರೂವರೆ. 25ರಲ್ಲಿ ಅರ್ಧ ಇಂಚು ತಪ್ಪಿದರೆ 7ಕ್ಕೆ ಬಂದಾಗ ಕಾಣುವುದೇ ಇಲ್ಲ. ನಾನು 25 ಎನ್ನುವುದು ಇದಕ್ಕಾಗಿ.

ಬೆಂಚಿನ ಮೇಲೆ ಕೂತು ಹೊಡೆಯುವುದು ಮುದುಕರ ಕೆಲಸ ಎಂದುಕೊಂಡಿದ್ದವನು ನಾನು. ಎಡಕ್ಕೆ ಕೆಳಗೆ ಬೀಳುತ್ತಿದ್ದ ಗುಂಡುಗಳನ್ನು ಮೂರು ವರ್ಷ ಸೈಟಿನ ಸ್ಕ್ರೂ ತಿರುಗಿಸಿ ತಿದ್ದಿದೆ. ಟ್ರಿಗರ್ ಒತ್ತುವ ಮೊದಲೇ ಮುಂಗೈ ಕೆಳಗೆ ದೂಡುತ್ತಿದ್ದದ್ದು ನಾನೇ. ಕೈ ನೆಟ್ಟಗಿದ್ದ ದಿನ ಗುಂಡು ಬಲಕ್ಕೆ ಮೇಲೆ ಹೋಗುತ್ತಿತ್ತು, ಮತ್ತೆ ಸ್ಕ್ರೂ. ನಿನ್ನ ಪತ್ರದಲ್ಲಿ ಆ ಎರಡು ಕ್ಲಿಕ್ ಓದಿದಾಗ ನನ್ನದೇ ಬೆರಳು ಕಂಡಿತು.

ಹೀಗೆ ಮಾಡು ಎಂದು ಹೇಳಲು ನನಗೇನು ಹಕ್ಕು, ಆದರೂ ಹೇಳುತ್ತೇನೆ. ಮೊದಲು ಡಾಟ್ ಬಿಚ್ಚು. ಅದನ್ನು ಗನ್ನಿಗೆ ಬಿಗಿಯುವ ಸ್ಕ್ರೂನ ಎಣ್ಣೆಜಿಡ್ಡು ಒರೆಸಿ, ನೀಲಿ ಲಾಕ್ಟೈಟ್ (ಸ್ಕ್ರೂ ಅಲುಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಕೊಟ್ಟು, ಸ್ಕ್ರೂ ತಲೆಯಿಂದ ಡಾಟಿನ ಮೈಗೆ ದಾಟುವಂತೆ ಬಿಳಿ ಪೇಂಟಿನ ಗೆರೆ ಎಳೆ. ಒಂದು ದಿನ ಒಣಗಲಿ. ಗೆರೆ ಮುರಿದು ಕಂಡರೆ ಸ್ಕ್ರೂ ತಿರುಗಿದೆ ಎಂದೇ ಅರ್ಥ. ಇದನ್ನು ಬಿಟ್ಟು ಜೀರೋ ಮಾಡಿದರೆ ಮರಳಿನ ಮೇಲೆ ಗೋಡೆ ಕಟ್ಟಿದ ಹಾಗೆ.

10 ಗಜದಲ್ಲಿ ಐದು ಗುಂಡು ಹೊಡೆದು, ಗ್ರೂಪ್ ಗುರಿಗಿಂತ ಮೂರನೇ ಒಂದು ಇಂಚು ಕೆಳಗೆ ಬರುವಂತೆ ತಂದಿಟ್ಟು, ಆಮೇಲೆ 25ಕ್ಕೆ ಹೋಗು. ಮರಳುಚೀಲದ ಮೇಲೆ ಮಣಿಕಟ್ಟು ಇರಲಿ. ಸ್ಲೈಡಾಗಲಿ ಬ್ಯಾರಲ್ ಆಗಲಿ ಎಲ್ಲಿಗೂ ತಾಗಬಾರದು. ಹಿಡಿತ ಮ್ಯಾಚ್‌ನಲ್ಲಿ ಹಿಡಿದಷ್ಟೇ ಗಟ್ಟಿ. ನಿನ್ನ 6 ಎಂಒಎ (ಕೋನದ ಅಳತೆ) ಡಾಟ್ ಅಲ್ಲಿ ಒಂದೂವರೆ ಇಂಚು ಮುಚ್ಚುತ್ತದೆ, ಅದಕ್ಕೆ 3 ಇಂಚಿನ ಚೌಕ ಅಂಟಿಸಿಕೋ. ಡಾಟಿನ ಬೆಳಕು ಇಳಿಸು. ಇಲ್ಲಿ ಬೆನ್ ಏವರಿ ರೇಂಜಿನ ಬಿಸಿಲಿಗೆ ಏರಿಸಿಟ್ಟ ಡಾಟ್ ಸ್ವಲ್ಪ ಮೋಡ ಬಂದರೂ ನಕ್ಷತ್ರದ ಹಾಗೆ ಚೆದುರುತ್ತದೆ. ಅದರ ನಡು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಹತ್ತು ಗುಂಡು, ನಡುವೆ ಇಣುಕಿ ನೋಡಬೇಡ. ಆಮೇಲೆ ಹಾಳೆ ತಂದು ಗ್ರೂಪಿನ ನಡುವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡು. ದೂರ ಹಾರಿದ ಒಂದು ಗುಂಡನ್ನು ನೋಡಿ ತಿರುಗಿಸಬೇಡ. ನಿನ್ನ ಡಾಟ್‌ನಲ್ಲಿ ಕ್ಲಿಕ್ ಒಂದಕ್ಕೆ 1 ಎಂಒಎ ತಾನೇ? 25ರಲ್ಲಿ ಅದು ಕಾಲು ಇಂಚು. ತಿರುಗಿಸಿ ಮತ್ತೆ ಹತ್ತು ಹೊಡೆ.

ಅದೇ ದಿನ, ಅದೇ ಪೆಟ್ಟಿಗೆಯ ಗುಂಡು, ನಿಂತುಕೊಂಡು ಇನ್ನೂ ಹತ್ತು. ಬೆಂಚಿನ ಗ್ರೂಪ್ ನಡುವಿನಲ್ಲಿದ್ದು, ನಿಂತ ಗ್ರೂಪ್ ನಡುವಿನ ಸುತ್ತಲೇ ಹರಡಿದ್ದರೆ ಅಥವಾ ಎಡಕ್ಕೆ ಕೆಳಗೆ ಜಾರಿದ್ದರೆ ಅದು ನಿನ್ನ ಕೈ, ಸ್ಕ್ರೂ ಮುಟ್ಟಬೇಡ. ಎರಡೂ ಒತ್ತಾಗಿದ್ದು ಒಂದೇ ಕಡೆಗೆ ಸರಿದಿದ್ದರೆ ಜೀರೋ. ಬೆಂಚಿನ ಮೇಲೂ ಗ್ರೂಪ್ ಸಲಕ್ಕೊಂದು ಕಡೆ ಓಡುತ್ತಿದ್ದರೆ ಬಿಳಿ ಗೆರೆ ನೋಡು. ನಿನ್ನ ಪ್ರಶ್ನೆಗೆ ಉತ್ತರ ಈ ಎರಡು ಹಾಳೆಗಳಲ್ಲಿ ಇದೆ ಪುಟ್ಟಿ, ನನ್ನ ಬಾಯಿಂದ ಬರುವಂಥದ್ದಲ್ಲ.

ಮರೆತಿದ್ದೆ. 147 ಗ್ರೇನಿಗೆ ಬದಲಾಯಿಸುತ್ತೇನೆ ಎಂದಿದ್ದೆಯಲ್ಲ, ಬದಲಾಯಿಸಿದರೆ ಇದೆಲ್ಲ ಮೊದಲಿಂದ. ಭಾರದ ಗುಂಡು ನಿಧಾನವಾಗಿ ಹೊರಡುತ್ತದೆ, ಅದು ಬ್ಯಾರಲ್‌ನಲ್ಲಿ ಇರುವಾಗಲೇ ಮೂತಿ ಇನ್ನಷ್ಟು ಎತ್ತಿರುತ್ತದೆ. ಸಾಮಾನ್ಯವಾಗಿ ಗುಂಡು ಮೇಲೆ ಬೀಳುತ್ತದೆ. ಬಿಯಾಂಚಿ ಕಪ್‌ಗೂ ಹೋಗುವ ಆಸೆ ಇದೆ ಎಂದು ನಿನ್ನಮ್ಮ ಹೇಳಿದಳು. ಆ ಪಿಸ್ತೂಲ್ ಪಂದ್ಯದಲ್ಲಿ 50 ಗಜದಲ್ಲೂ 4 ಇಂಚಿನ ಎಕ್ಸ್ ರಿಂಗ್ (ಗುರಿಯ ನಟ್ಟನಡುವಿನ ವೃತ್ತ) ಕೇಳುತ್ತಾರೆ. ಆ ಲೆಕ್ಕ ಬೇರೆ, ಆಮೇಲೆ ಬರೆಯುತ್ತೇನೆ.

ಹಾಳೆಗಳ ಮೇಲೆ ತಾರೀಖು, ಗಜ, ಗುಂಡು, ಕೂತದ್ದೋ ನಿಂತದ್ದೋ ಬರೆದು ಎರಡರದ್ದೂ ಫೋಟೋ ಕಳಿಸು. ನಾನು ನೋಡುವ ತನಕ ಸ್ಕ್ರೂಡ್ರೈವರ್ ಮನೆಯಲ್ಲೇ ಇರಲಿ.

ಇಂತಿ,
ನಿನ್ನ ಮಾವ
ಫೀನಿಕ್ಸ್